ಒಂಟಿಮರಡಿಗೆ ಹೋಗುವ ಬಸ್ಸು

ನಮ್ಮ ಸೀಮೆಯಲ್ಲಿ ಸಾವಿನ ಮನೆಗೆ ಬೇಗ ಮುಟ್ಟುತ್ತೇವೆ, ಕಾಯಿಲೆಯವರ ಮನೆಗೆ ಮುಟ್ಟುವುದೇ ಇಲ್ಲ. ಅದರಲ್ಲಿ ನಮ್ಮ ತಪ್ಪೇನೂ ಇಲ್ಲ. ಸತ್ತವರನ್ನು ಮಣ್ಣು ಮಾಡಲು ಊರಿಗೆ ಊರೇ ಹೊರಡುತ್ತದೆ, ದಾರಿ ಗಿಡ್ಡಾಗುತ್ತದೆ. ಕಾಯಿಲೆ ಬಿದ್ದವರನ್ನು ನೋಡಲು ಅಣ್ಣನೋ ತಂಗಿಯೋ ಒಬ್ಬರೇ ಹೊರಡುತ್ತಾರೆ, ದಾರಿ ಅವರ ಮುಂದೆ ಚಾಚುತ್ತಲೇ ಹೋಗುತ್ತದೆ. ಬೆಳಿಗ್ಗೆ ಕಂಡ ಜಾಲಿಮರ ಮಧ್ಯಾಹ್ನಕ್ಕೂ ಅಷ್ಟೇ ದೂರದಲ್ಲಿ ನಿಂತಿರುತ್ತದೆ. ಮದುವೆಯ ದಿಬ್ಬಣವಾದರೆ ತವರು ಬಿಟ್ಟ ಹುಡುಗಿ ಅತ್ತು ಮುಗಿಸುವುದರೊಳಗೆ ಗಂಡನ ಮನೆಯ ಬಾಗಿಲು ಬಂದುಬಿಡುತ್ತದೆ, ಆಕೆ ಮೂಗು ಒರೆಸಿಕೊಳ್ಳುತ್ತಲೇ ಹೊಸ್ತಿಲು ದಾಟಬೇಕು. ಒಂಟಿಯಾಗಿ ಹೊರಟವರು ಎರಡು ಹೊತ್ತಿನ ರೊಟ್ಟಿ ಕಟ್ಟಿಕೊಳ್ಳದೆ ಮನೆ ಬಿಡುವುದಿಲ್ಲ. ಮೈಲಿಗಲ್ಲು ನೆಡುವುದನ್ನಂತೂ ಸರ್ಕಾರ ನಮ್ಮ ಅಜ್ಜನ ಕಾಲದಲ್ಲೇ ಕೈಬಿಟ್ಟಿತು.

ನಾನು ಹೊನ್ನವ್ವ, ಬಸ್ಸಿನ ಕಂಡಕ್ಟರ್. ನನ್ನ ಬಾಯಿ ಜೋರು ಎಂದು ಜನ ಹೇಳುತ್ತಾರೆ, ನಿಜ. ಬಾಯಿ ಸಣ್ಣದಿದ್ದವರಿಗೆ ಈ ಕೆಲಸ ದಕ್ಕುವುದಿಲ್ಲ. ನಮ್ಮ ಪೇಟೆಗೆ ಎರಡು ಬೋಗಿಯ ರೈಲು ಬರುತ್ತದೆ. ಅದು ಸದಾ ತುಂಬಿರುವುದರಿಂದ ದೊಡ್ಡ ಶಹರ ನಮಗೆ ಕೂಗಳತೆಯಲ್ಲಿದೆ. ಅಲ್ಲಿಗೆ ಹೋಗಿ ಬಳೆ ಇಡಿಸಿಕೊಂಡು ಊಟದ ಹೊತ್ತಿಗೆ ವಾಪಸು ಬರುತ್ತೇವೆ. ಪಕ್ಕದ ಹಳ್ಳಿಗೆ ಹೋಗಬೇಕೆಂದರೆ ಮಾತ್ರ ನಾಲ್ಕು ಸಲ ಯೋಚಿಸುತ್ತೇವೆ.

ಇದನ್ನು ಸರಿ ಮಾಡುತ್ತೇನೆಂದು ಬಂದವರು ಇಟಗಿ ಸಾಹೇಬರು. ಸಾರಿಗೆ ಕಚೇರಿಯವರು. ಬಡಕಲು ದೇಹ, ಬಿಸಿಲಿಗೆ ತಲೆಯ ಮೇಲೆ ಸದಾ ಒದ್ದೆ ಟವೆಲ್ಲು. ಬೆಳಗಿನ ರೈಲು ಬಂದು ನಿಲ್ಲುವ ಹೊತ್ತಿಗೆ ನಾಲ್ಕು ದಿಕ್ಕಿನ ನಾಲ್ಕು ಬಸ್ಸುಗಳು ಸ್ಟೇಷನ್ನಿನ ಮುಂದೆ ನಿಂತಿರಬೇಕು ಎಂಬುದು ಅವರ ಕನಸು. ಮೂರು ದಿಕ್ಕಿಗೆ ಕೆಲಸ ಹೂವೆತ್ತಿದಂತೆ ಆಯಿತು. ಒಂದೊಂದು ದಿಕ್ಕಿನ ಹಳ್ಳಿಗಳ ಸಂತೆ, ರೇಷನ್ನು, ಡಾಕ್ಟರು ಎಲ್ಲವನ್ನೂ ಒಂದೇ ದಿನಕ್ಕೆ ಹೊಂದಿಸಿದರು. ಜನ ಒಟ್ಟಿಗೆ ಹತ್ತಿದರು, ದಾರಿಗಳು ಗಿಡ್ಡಾದವು. ಉಳಿದದ್ದು ನಾಲ್ಕನೆಯ ದಿಕ್ಕು. ಆ ದಿಕ್ಕಿನಲ್ಲಿ ಇರುವುದು ಒಂಟಿಮರಡಿ ಒಂದೇ. ಬೋಳು ಗುಡ್ಡದ ಬುಡದಲ್ಲಿ ಐದು ಮನೆ, ನಡುವೆ ಬರೀ ಬಯಲು. ಆ ಐದು ಮನೆಗಳಲ್ಲಿ ಒಂದು ನನ್ನ ಅಕ್ಕ ಮಾಳವ್ವನದು.

ಅಕ್ಕನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ರಕ್ತ ಸೋಸುವ ಮಶೀನು ಇದ್ದದ್ದು ನಮ್ಮ ಪೇಟೆಯ ಆಸ್ಪತ್ರೆಯಲ್ಲಿ. ವಾರಕ್ಕೆ ಎರಡು ಸಲ ತಪ್ಪದೆ ಬರಬೇಕು, ದೀಪಾವಳಿಯ ಹೊತ್ತಿಗೆ ಶುರು ಮಾಡದಿದ್ದರೆ ಆಮೇಲೆ ತಮ್ಮನ್ನು ಕೇಳಬೇಡಿ ಎಂದು ಡಾಕ್ಟರು ಹೇಳಿದ್ದರು. ಎತ್ತಿನ ಗಾಡಿಯಲ್ಲಿ ಅಕ್ಕ, ಭಾವ ಇಬ್ಬರೇ ಹೊರಟರೆ ಪೇಟೆ ಮುಟ್ಟುವುದು ಮರುದಿನ. ಆ ದಾರಿಯನ್ನು ವಾರಕ್ಕೆರಡು ಸಲ ಕ್ರಮಿಸಿದರೆ ಕಾಯಿಲೆಗಿಂತ ಮೊದಲು ದಾರಿಯೇ ಆಕೆಯನ್ನು ತಿಂದುಹಾಕುತ್ತಿತ್ತು.

ಒಂದು ರಜೆಯಲ್ಲಿ ನಡೆದು, ಗಾಡಿ ಹತ್ತಿ, ಮತ್ತೆ ನಡೆದು ಅವಳ ಮನೆ ಮುಟ್ಟಿದೆ. ಅವಳು ಕೌದಿ ಹೊಲಿಯುತ್ತ ಕೂತಿದ್ದಳು. ಹಳೆಯ ಸೀರೆಗಳನ್ನು ಪದರ ಪದರವಾಗಿ ಜೋಡಿಸಿ ಅವಳು ಹಾಕುವ ಹೊಲಿಗೆ ಇರುವೆ ಸಾಲಿನ ಹಾಗೆ ನೇರವಾಗಿರುತ್ತದೆ. ಮುಖ ಮಾತ್ರ ಊದಿಕೊಂಡಿತ್ತು.

“ಯಕ್ಕಾ, ಗಂಟು ಕಟ್ಟು. ನನ್ನ ಮನ್ಯಾಗ ಇರು. ಆಸ್ಪತ್ರಿ ಓಣಿ ದಾಟಿದ್ರ ಐತಿ” ಎಂದೆ.

“ನಾ ಬರಂಗಿಲ್ಲ ಹೊನ್ನಿ.”

“ಯಾಕ? ಭಾವನ್ನ ಬಿಟ್ಟು ಇರಾಕ ಆಗಂಗಿಲ್ಲೇನು, ಈ ವಯಸ್ಸಿನ್ಯಾಗ?”

ಅವಳು ನಗಲಿಲ್ಲ. ಸೂಜಿಯನ್ನು ಸೀರೆಗೆ ಚುಚ್ಚಿಟ್ಟು ನನ್ನ ಮುಖ ನೋಡಿದಳು. “ಇರೂದು ಐದು ಮನಿ. ನಾ ಒಬ್ಬಾಕಿ ಹೋದ್ರ ಇಲ್ಲಿದ್ದವರಿಗೆ ದಾರಿ ಇನ್ನಷ್ಟು ದೂರ ಆಗ್ತೈತಿ. ನನ್ನ ಹಿಂದ ನಿಮ್ಮ ಭಾವ ಬರ್ತಾನ, ಕುರಿ ಮಾರಿ. ಅವನ ಹಿಂದ ಇನ್ನೊಬ್ರು. ಕಡೀಕ ಉಳದಾಕಿ ಆ ಮುದುಕಿ ಕರಿಯವ್ವ. ಆಕಿ ಒಬ್ಬಾಕೀಗೆ ಪ್ಯಾಟಿ ಎಷ್ಟು ದೂರ ಆದೀತು, ಹೇಳು ನೋಡೂಣ? ನನ್ನ ಜೀವ ಉಳಿಸ್ಕೊಳ್ಳಾಕ ಹೋಗಿ ಅವರ ದಾರಿ ಮುಚ್ಚಲೇನು?”

ನನಗೆ ಸಿಟ್ಟು ಬಂತು. ನಿನ್ನ ದೊಡ್ಡಸ್ತಿಕೆಯನ್ನು ತೊಗೊಂಡು ಒಲೆಗೆ ಹಾಕು ಎಂದು ಬೈದೆ. ಬೈದು, ಅವಳ ಮಡಿಲಲ್ಲಿ ಮುಖವಿಟ್ಟು ಅತ್ತೆ. ಅವಳು ಹೇಳಿದ್ದು ಸುಳ್ಳಾಗಿರಲಿಲ್ಲ, ನಮ್ಮ ಸೀಮೆಯಲ್ಲಿ ಊರುಗಳು ಸಾಯುವುದು ಹಾಗೆಯೇ.

ವಾಪಸು ಬಂದವಳೇ ಇಟಗಿ ಸಾಹೇಬರ ಬೆನ್ನು ಬಿದ್ದೆ. ಅವರೂ ಆ ನಾಲ್ಕನೆಯ ದಿಕ್ಕಿಗಾಗಿ ತಲೆ ಕೆಡಿಸಿಕೊಂಡಿದ್ದರು. ಒಂದು ಸಲ ಬಸ್ಸನ್ನು ಖಾಲಿ ಬಿಟ್ಟು ನೋಡಿದ್ದರು. ಡ್ರೈವರ್ ದಾದಾಪೀರ ಮಧ್ಯಾಹ್ನದವರೆಗೆ ಓಡಿಸಿ, ಗುಡ್ಡದ ತುದಿಯೂ ಕಾಣದೆ ಸಪ್ಪೆ ಮೋರೆ ಹಾಕಿಕೊಂಡು ತಿರುಗಿ ಬಂದಿದ್ದ. ಡ್ರೈವರ್, ಕಂಡಕ್ಟರ್ ದಾರಿಯ ಲೆಕ್ಕಕ್ಕಿಲ್ಲ. ನಮ್ಮ ಕೆಲಸ ಬಸ್ಸಿನೊಳಗೇ ಮುಗಿಯುತ್ತದಲ್ಲ.

“ದೀಪಾವಳಿತನಕ ನೋಡೂಣ್ರೀ ಹೊನ್ನವ್ವ” ಎಂದರು ಸಾಹೇಬರು. “ಬೆಳಿಗ್ಗೆ ರೈಲು ಬಂದ ಮ್ಯಾಲ ಬಿಟ್ಟ ಬಸ್ಸು ಹೊತ್ತು ಮುಳುಗೂದ್ರಾಗ ತಿರುಗಿ ಬಂತಂದ್ರ ನಾ ಮ್ಯಾಲಿನವ್ರಿಗೆ ಹೇಳಿ ಕಾಯಂ ಮಾಡಸ್ತೀನಿ. ಬರಲಿಲ್ಲಾಂದ್ರ ಆ ಬಸ್ಸನ್ನ ಬ್ಯಾರೆ ಕಡೆ ಒಯ್ತಾರ. ನನ್ನ ಕೈಯಾಗ ಅಷ್ಟ ಇರೂದು.”

ಮಾತು ಪೇಟೆಯಲ್ಲಿ ಹಬ್ಬಿತು. ನಮ್ಮ ಜನರ ಬಗ್ಗೆ ನಾನು ಎಷ್ಟೇ ಆಡಿಕೊಂಡರೂ ಅವರ ಕರುಳು ದೊಡ್ಡದು. ಹೊನ್ನವ್ವನ ಅಕ್ಕನಿಗೆ ದಾರಿ ಗಿಡ್ಡಾಗಬೇಕು ತಾನೆ, ನಾವಿದ್ದೇವೆ ಎಂದರು. ಬೆಳಿಗ್ಗೆ ನೋಡಿದರೆ ಬಸ್ಸಿನ ಮುಂದೆ ಜಾತ್ರೆ. ನಮ್ಮ ಓಣಿಯ ಹೆಂಗಸರು ಬುತ್ತಿ ಸಮೇತ ಬಂದಿದ್ದರು. ಗರಡಿಮನೆಯ ಪೈಲ್ವಾನರು ಮೀಸೆ ತೀಡಿಕೊಂಡು ಹಿಂದಿನ ಸೀಟು ಹಿಡಿದಿದ್ದರು. ಭಜನೆಯವರು ಹಾರ್ಮೋನಿಯಂ ಎತ್ತಿಟ್ಟರು. ನಿಲ್ಲಲೂ ಜಾಗವಿಲ್ಲ. ಇಟಗಿ ಸಾಹೇಬರು ಯಾರದೋ ಬುತ್ತಿಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತು, “ಇಷ್ಟು ಮಂದಿಗೆ ಒಂಟಿಮರಡಿ ಚಾ ಕುಡಿಯೂದ್ರಾಗ ಬರ್ತೈತಿ” ಎಂದರು. ನಾನೂ ಹಾಗೆಯೇ ಅಂದುಕೊಂಡೆ.

ಚಹಾದ ಹೊತ್ತು ಹೋಯಿತು, ಊಟದ ಹೊತ್ತೂ ಹೋಯಿತು. ಬುತ್ತಿಗಳು ಖಾಲಿಯಾದವು. ಭಜನೆಯವರು ತಮಗೆ ಗೊತ್ತಿದ್ದ ಹಾಡನ್ನೆಲ್ಲ ಹಾಡಿ ಮುಗಿಸಿ ಮೊದಲನೆಯದಕ್ಕೆ ಮರಳಿದರು. ಪೈಲ್ವಾನರು ಗೊರಕೆ ಹೊಡೆದರು. ದಾರಿ ಖಾಲಿ ಬಸ್ಸಿಗೆ ಇದ್ದಷ್ಟೇ ಉದ್ದವಾಗಿತ್ತು, ಸ್ವಲ್ಪ ಹೆಚ್ಚೇ ಇತ್ತು ಎನ್ನುತ್ತಾನೆ ದಾದಾಪೀರ. ಒಂಟಿಮರಡಿ ಮುಟ್ಟಿದಾಗ ಹೊತ್ತು ಮುಳುಗಿತ್ತು.

ಐದು ಮನೆಯ ಊರಿಗೆ ಒಂದು ಬಸ್ಸಿನ ತುಂಬ ಹಸಿದ ಜನ ಬಂದಿಳಿದರೆ ಏನಾಗಬೇಕೋ ಅದೇ ಆಯಿತು. ಒಂಟಿಮರಡಿಯಲ್ಲಿ ಐದು ಮನೆಯಿದ್ದರೂ ಒಂದು ಒಲೆಯ ಬೆಂಕಿ ಇನ್ನೊಂದಕ್ಕೆ ಆಗುತ್ತಿರಲಿಲ್ಲ. ಮುದುಕಿ ಕರಿಯವ್ವನಿಗೂ ಪಕ್ಕದ ಮನೆಯ ಫಕೀರಪ್ಪನಿಗೂ ಒಂದು ಕೋಳಿಯ ಸಲುವಾಗಿ ಮಾತು ಬಿಟ್ಟು ಹೋಗಿತ್ತು. ಉಳಿದವರು ಅತ್ತ ಕೆಲವರು, ಇತ್ತ ಕೆಲವರು ಹಂಚಿಹೋಗಿದ್ದರು. ಆ ಸಂಜೆ ಬೇರೆ ದಾರಿಯಿರಲಿಲ್ಲ. ಫಕೀರಪ್ಪನ ಮನೆಯ ದೊಡ್ಡ ಹಂಡೆ ಹೊರಬಂತು, ಕರಿಯವ್ವನ ಮನೆಯ ಜೋಳದ ಹಿಟ್ಟು ಹೊರಬಂತು. ಪೈಲ್ವಾನರು ನೀರು ಹೊತ್ತರು, ಇಟಗಿ ಸಾಹೇಬರು ಉಳ್ಳಾಗಡ್ಡಿ ಸುಲಿದರು. ನನ್ನಕ್ಕ ಊದಿದ ಕಾಲನ್ನು ಚಾಚಿಕೊಂಡು ಕಟ್ಟೆಯ ಮೇಲೆ ಕೂತು, ಬಾಯಲ್ಲೇ ಎಲ್ಲರಿಗೂ ಕೆಲಸ ಹಚ್ಚಿದಳು.

ಉಂಡ ಮೇಲೆ ಹೆಂಗಸರು ಒಬ್ಬೊಬ್ಬರಾಗಿ ಬಂದು ಅವಳ ಕೈ ಹಿಡಿದು, ಪಾಪ, ಎಷ್ಟು ಸೊರಗಿದ್ದೀಯಲ್ಲ ತಾಯಿ ಎಂದು ಮರುಗಿದರು. ಅವರು ಅತ್ತ ಹೋದ ಮೇಲೆ ಅಕ್ಕ ನನ್ನ ಕಡೆ ತಿರುಗಿದಳು.

“ಇವರನ್ನೆಲ್ಲ ಯಾಕ ಕರ್ಕೊಂಡು ಬಂದಿಯೇ?”

“ದಾರಿ ಗಿಡ್ಡ ಆಗ್ಲೆಂತ. ಆದ್ರ ಆಗಲಿಲ್ಲ. ಯಾಕಂತ ತಿಳೀವಲ್ದು.”

“ಹೆಂಗ ಆದೀತು? ಪಾಪ ಅನ್ನಾಕ ಬಂದಾರ. ಪಾಪ ಅನ್ನೂದು ಅವರವರ ಮನ್ಯಾಗ ಕುಂತೂ ಅನ್ನಬಹುದಲ್ಲ. ಇಲ್ಲಿ ಅವರಿಗೇನು ಕೆಲಸ ಐತಿ?”

ನಮ್ಮಲ್ಲಿ ಕೆಲಸವಿಲ್ಲದೆ ಊರೂರು ತಿರುಗುವ ಚಟ ಯಾರಿಗೂ ಇರಲಿಲ್ಲ. ಮದುವೆಗೆ ಹೋದರು, ಸಂತೆಗೆ ಹೋದರು, ಮಣ್ಣಿಗೆ ಹೋದರು. ಹೋದವರಿಗೆಲ್ಲ ಅಲ್ಲಿ ಕೆಲಸವಿತ್ತು. ದಾರಿ ಎಣಿಸುವುದು ತಲೆಗಳನ್ನು ಎಂದು ನಾವು ತಲೆತಲಾಂತರದಿಂದ ನಂಬಿದ್ದೆವು. ಬರೀ ಜೊತೆಗೆಂದು ಬಸ್ಸು ತುಂಬಿದವರು ಈ ಭೂಮಿಯ ಮೇಲೆ ನಾವೇ ಮೊದಲಿಗರು.

ಬೆಳಿಗ್ಗೆ ಅದೇ ಬಸ್ಸು, ಅದೇ ಜನ. ಹೋದರೆ ತಿರುಗಿ ಬರಲು ಬಸ್ಸಿಲ್ಲವೆಂದು ಅಕ್ಕ ಮಾತ್ರ ಹತ್ತಲಿಲ್ಲ. ಅಂಗಡಿ ತೆರೆಯಬೇಕು, ಮಕ್ಕಳಿಗೆ ಅನ್ನ ಬೇಯಿಸಬೇಕು, ಗರಡಿಯಲ್ಲಿ ಸಾಮು ಮಾಡಬೇಕು. ಎಲ್ಲರಿಗೂ ಪೇಟೆಯಲ್ಲಿ ಕೈತುಂಬ ಕೆಲಸ. ಭಜನೆಯವರು ಹಾರ್ಮೋನಿಯಂ ಪೆಟ್ಟಿಗೆ ಬಿಚ್ಚುವುದರೊಳಗೆ ನಮ್ಮ ರೈಲ್ವೆ ಗೇಟು ಕಂಡಿತು. ಇಟಗಿ ಸಾಹೇಬರು ಕಿಟಕಿಯಿಂದ ತಲೆ ಹೊರಹಾಕಿ ಹಿಂದೆ ನೋಡಿದರು, ಮುಂದೆ ನೋಡಿದರು, ಆಮೇಲೆ ನನ್ನನ್ನು ನೋಡಿದರು.

“ಹಂಗಾದ್ರ ದಾರಿ ತಲಿ ಎಣಸಂಗಿಲ್ಲ, ಹೊನ್ನವ್ವ. ಕೆಲಸ ಎಣಸ್ತೈತಿ” ಎಂದರು. “ನಾನು ಆ ಮೂರು ದಿಕ್ಕಿಗೆ ಸಂತಿ, ರೇಷನ್ನು ಕೂಡಿಸಿದ್ದು ಸುಮ್ನ ಮಂದಿ ಕೂಡ್ಲೆಂತ. ಕೆಲಸ ಕೂಡ್ತು ಅನ್ನೂದು ನನಗೂ ಗೊತ್ತಾಗ್ಲಿಲ್ಲ ನೋಡ್ರಿ.”

ಹಬ್ಬದ ಮುಂಚೆ ಉಳಿದದ್ದು ಒಂದೇ ಸರದಿ. ಈ ಸಲ ನಾನು ಬಸ್ಸಿನ ಬಾಗಿಲಲ್ಲಿ ಅಡ್ಡ ನಿಂತು ಒಬ್ಬೊಬ್ಬರನ್ನೂ ಕೇಳಿದೆ, “ಒಂಟಿಮರಡಿಯಾಗ ನಿನಗೇನು ಕೆಲಸ?” ಪೈಲ್ವಾನರಿಗೆ ಉತ್ತರ ಹೊಳೆಯಲಿಲ್ಲ. ಇಳಿಸಿದ್ದಕ್ಕೆ ನನ್ನ ಮೇಲೆ ಇಂದಿಗೂ ಮುನಿಸು. ಕೊನೆಗೆ ಉಳಿದವರು ನಾಲ್ಕೇ ಜನ. ಮಕ್ಕಳಿಗೆ ಸೂಜಿ ಹಾಕಬೇಕಾದ ನರ್ಸಮ್ಮ, ಅಂದು ಅಕ್ಕನ ಹೊಲಿಗೆಗೆ ಮನಸೋತು ತಾವು ಬುತ್ತಿ ಸುತ್ತಿ ತಂದಿದ್ದ ಹಳೆಯ ಸೀರೆಗಳನ್ನು ಕೌದಿಗೆ ಕೊಟ್ಟುಬಂದಿದ್ದ ಇಬ್ಬರು ಹೆಂಗಸರು, ನನ್ನ ಭಾವ ಬೀರಪ್ಪನಿಂದ ಟಗರು ಕೊಳ್ಳಬೇಕೆಂದಿದ್ದ ಒಬ್ಬ ಗೃಹಸ್ಥ. ಇಟಗಿ ಸಾಹೇಬರನ್ನು ಲೆಕ್ಕಕ್ಕೆ ಹಿಡಿಯುವ ಹಾಗಿರಲಿಲ್ಲ. ಅಕ್ಕನಿಗೆ ಹೇಳಿ ಕಳಿಸಿದ್ದೆ, ಈ ಬಸ್ಸಿನಲ್ಲೇ ನಿನ್ನನ್ನು ಆಸ್ಪತ್ರೆಗೆ ಕರೆತರುತ್ತೇನೆ, ತಯಾರಿರು ಎಂದು. ಮಶೀನಿನ ಹತ್ತಿರ ಅವಳಿಗೆ ಜಾಗವನ್ನೂ ಹೇಳಿಟ್ಟಿದ್ದೆ.

ನಾಲ್ವರ ಕೆಲಸಕ್ಕೆ ದಾರಿ ಒಂದಿಷ್ಟು ಕುಗ್ಗಿತು, ಸಾಲುವಷ್ಟು ಕುಗ್ಗಲಿಲ್ಲ. ಬಿಸಿಲು ನೆತ್ತಿಗೇರಿತು. ಬಯಲಿನ ತುದಿಯಲ್ಲಿ ಒಂದು ಜಾಲಿಮರ ಕಂಡಿತು, ಕಂಡದ್ದು ಕಂಡಲ್ಲೇ ನಿಂತಿತು.

“ಹೊನ್ನಕ್ಕ, ಆ ಮರ ನಮ್ಮ ಜೋಡಿ ಓಡಾಕತ್ತೈತಿ ಅನಸ್ತೈತಿ” ಎಂದ ದಾದಾಪೀರ.

“ನೀ ಸುಮ್ಕ ಓಡಸು.”

ಇಟಗಿ ಸಾಹೇಬರು ಸೂರ್ಯನನ್ನೂ ಡೀಸೆಲ್ ಮುಳ್ಳನ್ನೂ ನೋಡಿದರು. ಟವೆಲ್ ತೆಗೆದು ಹಿಂಡಿದರು, ಅದರಲ್ಲಿ ನೀರೇ ಇರಲಿಲ್ಲ. “ಹೊನ್ನವ್ವ, ಇನ್ನ ತಿರುಗಿಸಬೇಕಾಗ್ತೈತಿ. ಈ ಮಂದೀನ ನಡುಬಯಲಾಗ ಕೆಡವಿದ್ರ ನಾಳೆ ಯಾವ ಊರಿಗೂ ಬಸ್ ಬಿಡಾಕ ಯಾರೂ ಒಪ್ಪಂಗಿಲ್ಲ.”

ಅವರ ಮಾತು ನ್ಯಾಯವಾಗಿತ್ತು. ಅದಕ್ಕೇ ನನಗೆ ಅಷ್ಟು ಸಂಕಟವಾದದ್ದು. ಬೈಯಲು ಯಾರೂ ಸಿಗದಿದ್ದರೆ ನನ್ನಂಥವಳು ಏನು ಮಾಡಬೇಕು? “ಸಾಹೇಬ್ರ, ಆ ಮರದತನಕ. ಮರ ಸಿಗಲಿಲ್ಲಾಂದ್ರ ನಾನ ಸೀಟಿ ಊದ್ತೀನಿ, ತಿರಗಸ್ಲಿ” ಎಂದೆ. ಅವರು ತಲೆಯಾಡಿಸಿದರು. ಸೀಟಿಯನ್ನು ಬಾಯಿಗಿಟ್ಟುಕೊಂಡು ಬಾಗಿಲಲ್ಲಿ ನಿಂತೆ. ಅಕ್ಕ ಗಂಟು ಕಟ್ಟಿಕೊಂಡು ಕಟ್ಟೆಯ ಮೇಲೆ ಕಾಯುತ್ತಿರುತ್ತಾಳೆ, ಹೊತ್ತು ಇಳಿಯುತ್ತದೆ, ಬಸ್ಸು ಬರುವುದಿಲ್ಲ, ಆಮೇಲೆ ಆ ಊರಿಗೆ ನಾವೆಲ್ಲ ಬೇಗ ಮುಟ್ಟುವ ದಿನ ಒಂದೇ ಉಳಿಯುತ್ತದೆ ಎಂದು ನೆನೆದು ಸೀಟಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದೆ.

ಮರ ದಪ್ಪಗಾಯಿತು. ನನಗೆ ಕಣ್ಣು ಮಂಜಾಗಿದೆ ಅಂದುಕೊಂಡೆ. ದಾದಾಪೀರ “ಯಾ ಅಲ್ಲಾ” ಎಂದು ಬ್ರೇಕಿನ ಮೇಲೆ ಕಾಲಿಟ್ಟ. ಮರ ನಮ್ಮ ಪಕ್ಕದಲ್ಲೇ ಸರ್ರನೆ ಹಾದುಹೋಯಿತು. ಅದರ ಹಿಂದೆಯೇ ಬೋಳುಗುಡ್ಡ ಎದ್ದು ನಿಂತಿತು, ಗುಡ್ಡದ ಈಚೆ ದಾರಿಯ ಮೇಲೆ ಧೂಳು, ಧೂಳಿನಲ್ಲಿ ಎರಡು ಎತ್ತಿನ ಗಾಡಿ. ಗಾಡಿಗಳ ಮೇಲೂ ಹಿಂದೆಯೂ ಒಂಟಿಮರಡಿ ಪೂರ್ತಿ ಇತ್ತು.

ಮುಂದಿನ ಗಾಡಿಯಲ್ಲಿ ಕೌದಿಗಳ ಮೇಲೆ ಒರಗಿ ಕೂತಿದ್ದ ನನ್ನಕ್ಕ ನಮ್ಮನ್ನು ಕಂಡೊಡನೆ ಬಾಯಿ ಮಾಡಿದಳು. “ಎಷ್ಟೊತ್ತಿಗೆ ಬರೂದು ನಿಮ್ಮ ಬಸ್ಸು? ಕಾದು ಕಾದು ನಾವ ಹೊಂಟ್ವಿ!”

ಒಂಟಿಮರಡಿಯವರು ಹೀಗೆ ದಾರಿಗಿಳಿದದ್ದನ್ನು ಯಾರೂ ಕಂಡಿರಲಿಲ್ಲ. ಬಸ್ಸೋ ಗಾಡಿಯೋ ಬಂದರೆ ಬಾಗಿಲಲ್ಲಿ ಕಾದು ಹತ್ತಬೇಕು, ಎದುರು ಹೋಗಬಾರದು ಎಂಬುದು ಅವರ ರೂಢಿ. ಒಬ್ಬಿಬ್ಬರು ಎದುರು ಹೋಗಿ ಬಯಲಲ್ಲಿ ಸಿಕ್ಕಿ ಬಾಯಾರಿ ಬಳಲಿ ತಿರುಗಿ ಬಂದದ್ದುಂಟು. ಎಲ್ಲರೂ ಕೂಡಿ ಹೊರಡೋಣವೆಂದರೆ ದನಕರು ನೋಡುವವರು ಯಾರು? ತನ್ನ ಎಮ್ಮೆಯನ್ನು ಕರಿಯವ್ವ ಫಕೀರಪ್ಪನ ಕೈಗೆ ಬಿಟ್ಟಾಳೆಯೇ?

ನಡೆದದ್ದನ್ನು ಕರಿಯವ್ವನೇ ಬಸ್ಸು ಹತ್ತುತ್ತ ಹೇಳಿದಳು. ಬಿಸಿಲೇರಿದರೂ ಧೂಳು ಕಾಣದಿದ್ದಾಗ ಅಕ್ಕ ಎಲ್ಲರನ್ನೂ ಕಟ್ಟೆಗೆ ಕರೆಸಿದಳಂತೆ. ಪೇಟೆಯಲ್ಲಿ ಯಾರಿಗೆ ಏನು ಕೆಲಸವಿದೆ ಹೇಳಿರಿ ಎಂದಳಂತೆ. ಮೊದಲು ಎಲ್ಲರೂ ನಮಗೇನೂ ಇಲ್ಲ ಎಂದರು. ಅಷ್ಟು ದೂರದ ಊರಿನಲ್ಲಿ ಕೆಲಸವಿದೆ ಎಂದು ಹೇಳಿಕೊಳ್ಳುವುದನ್ನೇ ಅವರು ಬಿಟ್ಟುಬಿಟ್ಟಿದ್ದರು. ಆಮೇಲೆ ಫಕೀರಪ್ಪ ದವಡೆ ಹಿಡಿದುಕೊಂಡು, ತನಗೊಂದು ಹಲ್ಲು ಕೀಳಿಸಬೇಕು ಎಂದ. ಅಲ್ಲಿಂದ ಕಟ್ಟೆ ಒಡೆಯಿತು. ಕರಿಯವ್ವನಿಗೆ ಚಸ್ಮಾ ಬೇಕಿತ್ತು. ಒಬ್ಬಳಿಗೆ ಮಗಳನ್ನು ಹೈಸ್ಕೂಲಿಗೆ ಸೇರಿಸಬೇಕಿತ್ತು. ಇನ್ನೊಬ್ಬನಿಗೆ ಜಗಳವಾಡಿ ದೂರವಾದ ತಮ್ಮನನ್ನು ಕಂಡು ಮಾತಾಡಬೇಕಿತ್ತು. ಒಬ್ಬ ಹುಡುಗಿ ಐಸ್ ಕ್ಯಾಂಡಿ ತಿನ್ನಬೇಕೆಂದಳು, ಅದೂ ಕೆಲಸವೇ ಎಂದು ಅಕ್ಕ ತೀರ್ಪು ಕೊಟ್ಟಳು. ಆದರೂ ಏಳಲು ಯಾರಿಗೂ ಧೈರ್ಯ ಬರಲಿಲ್ಲ. ಆಗ ಅಕ್ಕ ತಾನೇ ಗಾಡಿ ಹತ್ತಿ ಕೂತಳಂತೆ.

“‘ನಾ ಹೊಂಟೆ. ಬರೂದಿದ್ರ ಬರ್ರಿ. ಇಲ್ಲಾಂದ್ರ ನಾ ಒಬ್ಬಾಕೀನ ನಡುದಾರ್ಯಾಗ ಸಾಯ್ತೀನಿ, ಆಮ್ಯಾಲ ಎಲ್ಲಾರೂ ಕೂಡಿ ಬರ್ತೀರಲ್ಲ, ಆಗ ನೋಡ್ತೀನಿ’ ಅಂದ್ಳವ್ವಾ ನಿಮ್ಮಕ್ಕ! ಇದಕ್ಕ ಯಾರು ಏನ್ ಅನ್ನಬೇಕು? ದನಕರುನ ಎಲ್ಲಾ ಬೀರಪ್ಪನ ಕೊಳ್ಳಿಗೆ ಕಟ್ಟಿ ಬಂದೀವಿ” ಎಂದಳು ಕರಿಯವ್ವ. ಅವಳು ಇಳಿದುಬಂದ ಗಾಡಿಯಿಂದಲೇ ಫಕೀರಪ್ಪನೂ ಇಳಿದ. ದಾರಿಯುದ್ದಕ್ಕೂ ಆ ಕೋಳಿಯ ವಿಷಯ ಹೊಸದಾಗಿ ಜಗಳವಾಡಿದರಂತೆ, ಮಾತಂತೂ ಬಂತು.

ನರ್ಸಮ್ಮ ಮಕ್ಕಳನ್ನು ಗಾಡಿಯ ನೊಗದ ಮೇಲೆ ಸಾಲಾಗಿ ಕೂರಿಸಿ ಅಲ್ಲೇ ಸೂಜಿ ಹಾಕಿದಳು, ಬಯಲೆಲ್ಲ ಅಳುವೋ ಅಳು. ಆ ಇಬ್ಬರು ಹೆಂಗಸರು ತಮ್ಮ ಕೌದಿಗಳನ್ನು ಅಕ್ಕನ ಕೆಳಗಿನಿಂದ ಎಳೆದುಕೊಂಡರು. ಟಗರಿನ ಗೃಹಸ್ಥ ಗುಡ್ಡ ಇಲ್ಲೇ ಇದೆಯಲ್ಲ ಎಂದು ಎತ್ತು, ಗಾಡಿಗಳನ್ನು ಹೊಡೆದುಕೊಂಡು ಬೀರಪ್ಪ ಭಾವನ ಕಡೆ ನಡೆದುಬಿಟ್ಟ. ಪೈಲ್ವಾನರ ಜಾಗದಲ್ಲಿ ಒಂಟಿಮರಡಿಯ ಮುದುಕರು ಕೂತರು. ಕರಿಯವ್ವ, ಫಕೀರಪ್ಪ ಒಂದೇ ಕಿಟಕಿಗೆ ಕಚ್ಚಾಡಿದರು. ನಾನು ಎಲ್ಲರಿಗೂ ಟಿಕೇಟು ಹರಿದು, ಅಕ್ಕನಿಗೂ ಹರಿದು, ಅವಳ ಪಕ್ಕ ಕೂತೆ.

ಇಟಗಿ ಸಾಹೇಬರು ಮುಂದಿನ ಸೀಟಿನಿಂದ ತಿರುಗಿದರು. “ನಾವು ಇಷ್ಟು ದಿನ ಬಸ್ಸನ್ನ ತಲಿಕೆಳಗ ಓಡಸಾಕತ್ತಿದ್ವಿ. ಕೆಲಸ ಇದ್ದದ್ದು ಇವರಿಗೆ, ನಮ್ಮ ಪ್ಯಾಟ್ಯಾಗ. ಇನ್ನ ಇದು ಒಂಟಿಮರಡಿಯಾಗ ವಸ್ತಿ ಇರ್ತೈತಿ. ಬೆಳಿಗ್ಗೆ ಅಲ್ಲಿಂದ ಹೊರಟು ರೈಲಿಗೆ ಮುಟ್ಟೂದು, ಸಂಜೀಕ ಎಲ್ಲಾರನ್ನೂ ಮನೀಗೆ ಒಯ್ಯೂದು. ಮಂಗಳವಾರ, ಶುಕ್ರವಾರ. ಮನೀಗೆ ಹೋಗೂದೂ ಕೆಲಸ ಅಲ್ಲೇನ್ರೀ?”

“ವಸ್ತಿ ಅಂದ್ರ ನಾ ಎಲ್ಲಿ ಮಲಗ್ಲಿ ಸಾಹೇಬ್ರ?” ಎಂದ ದಾದಾಪೀರ.

“ನಮ್ಮ ಪಡಸಾಲ್ಯಾಗ ಮಲಗಪ್ಪ. ಕೌದಿ ಬೇಕಾದಷ್ಟು ಅದಾವ” ಎಂದು ಅಕ್ಕ ಹೇಳಿ, ನನ್ನ ಕೈ ಹಿಡಿದುಕೊಂಡಳು. ಆ ಕೈ ಬಿಸಿಯಾಗಿತ್ತು, ಬೆರಳು ಊದಿ ಉಂಗುರ ಬಿಗಿದಿತ್ತು. “ಹೊನ್ನಿ, ಅವ್ವ ತೀರಿಕೊಳ್ಳೂ ಮುಂಚೆ ನಿನ್ನ ಸಲುವಾಗಿ ನನಗೊಂದು ಮಾತು ಹೇಳಿದ್ಲು. ನಿನಗ ಹೇಳಬೇಕಂತ ಎಷ್ಟು ವರ್ಷ ಆತು. ನೀ ಬಂದಾಗೆಲ್ಲ ಮೊದಲ ನಿನ್ನ ಕಾಲು ಒತ್ತಿ ನೀರು ಕಾಯಿಸೂದ ಆಗ್ತಿತ್ತು. ಏನಂದ್ಲು ಗೊತ್ತೇನು? ನೀ ಸಣ್ಣಾಕಿ ಇದ್ದಾಗ ಒಂದಿನ...”

ಬಸ್ಸು ನಿಂತಿತು. ಹೊರಗೆ ಆಸ್ಪತ್ರೆಯ ಬೇವಿನ ಮರ, ಬಾಳೆಹಣ್ಣಿನ ಗಾಡಿ, ಬಿಸಿಲು ಇನ್ನೂ ಬಾಗಿಲ ಮೆಟ್ಟಿಲ ಮೇಲಿತ್ತು. ಫಕೀರಪ್ಪ ದವಡೆ ಹಿಡಿದುಕೊಂಡು ಎಲ್ಲರಿಗಿಂತ ಮೊದಲು ಇಳಿದು ಓಡಿದ. ನಾನು ಅಕ್ಕನ ಸೆರಗು ಹಿಡಿದೆ, “ಏನಂದ್ಲು ಅವ್ವ? ಹೇಳಿ ಇಳಿ.”

ಆಕೆ ಮದುವೆಯಾಗಿ ಆ ಗುಡ್ಡದ ಬುಡಕ್ಕೆ ಹೋದಾಗಿನಿಂದ ನಾವಿಬ್ಬರೂ ಪ್ರತಿ ಸಲ ಕಂಡಾಗಲೂ ಅದೇ ಕೊನೆಯ ಸಲವೆಂಬಂತೆ, ನೆನಪಾದಷ್ಟು ಮಾತನ್ನು ಅವಸರದಲ್ಲಿ ಸುರಿದುಕೊಂಡೇ ಅಗಲುತ್ತಿದ್ದವರು. ಈಗ ಅವಳು ನನ್ನ ಕೈಯಿಂದ ಸೆರಗು ಬಿಡಿಸಿಕೊಂಡು, ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು.

“ಈಗ ಹೊತ್ತಾತು, ಒಳಗ ಮಶೀನಿನವರು ಕಾಯಾಕತ್ತಾರ. ಉಳಿದದ್ದು ಶುಕ್ರವಾರ ಹೇಳ್ತೀನಿ ತಗೋ” ಎಂದಳು.